ಆ ಫೋಟೋ ನಾನು ತೋರಿಸಲ್ಲ

ಇವತ್ತು ಒಂದು ಫೋಟೋ ಬಗ್ಗೆ ಮಾತಾಡ್ತೀನಿ. ಇಪ್ಪತ್ತನೇ ಶತಮಾನದ ದೊಡ್ಡ ಫೋಟೋಗಳು ಯಾವುವು ಅಂತ ಬಲ್ಲವರನ್ನು ಕೇಳಿ ನೋಡಿ, ಆ ಪಟ್ಟಿಯಲ್ಲಿ ಇದು ಇದ್ದೇ ಇರುತ್ತೆ. ಆದರೆ ಆ ಫೋಟೋನ ನಾನು ನಿಮಗೆ ತೋರಿಸಲ್ಲ.

ಟೀವಿಯವನು ಫೋಟೋ ಬಗ್ಗೆ ಮಾತಾಡ್ತೀನಿ ಅಂತ ಕೂರಿಸಿಕೊಂಡು, ಫೋಟೋ ತೋರಿಸಲ್ಲ ಅಂದ್ರೆ ಹೇಗೆ? ಮದುವೆಗೆ ಕರೆದು ಊಟ ಇಲ್ಲ ಅಂದ ಹಾಗಾಯ್ತು. ನಮ್ಮ ಪ್ರೊಡ್ಯೂಸರ್ ಕೂಡ ಸಂಜೆ ಇದನ್ನೇ ಕೇಳಿದ. "ಸರ್, ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ಎರಡು ನಿಮಿಷದ ಕೆಲಸ, ಹಾಕ್ಲಾ?" ಅಂದ. ಬೇಡ ಅಂದೆ. ಅದರ ಬದಲು ನಿಮಗೆ ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಒಂದು ಮಣ್ಣಿನ ರಸ್ತೆ. ಎರಡೂ ಕಡೆ ಗೇರು ಮರ. ಜನ ಇಲ್ಲ, ವಾಹನ ಇಲ್ಲ. ಇದು ಯಾವ ರಸ್ತೆ, ಯಾಕೆ ತೋರಿಸ್ತಿದ್ದೀನಿ ಅನ್ನೋದನ್ನ ಕೊನೇಲಿ ಹೇಳ್ತೀನಿ. ಮೊದಲು ಜಪಾನಿಗೆ ಹೋಗಿ ಬರೋಣ.

ಜಪಾನಿನ ದಕ್ಷಿಣಕ್ಕೆ ಕ್ಯೂಶು ಅಂತ ಒಂದು ದೊಡ್ಡ ದ್ವೀಪ. ಅಲ್ಲಿ ಕುಮಾಮೊಟೊ ಪ್ರಾಂತ್ಯ. ಅದರ ಸಮುದ್ರ ತೀರದಲ್ಲಿ ಮಿನಮಾಟ ಅನ್ನೋ ಊರು. ಆ ಊರಿಗೆ ಅನ್ನ ಕೊಡ್ತಿದ್ದದ್ದು ಎರಡು. ಒಂದು ಸಮುದ್ರ, ಇನ್ನೊಂದು ಚಿಸ್ಸೊ ಅನ್ನೋ ಕಂಪನಿಯ ರಾಸಾಯನಿಕ ಕಾರ್ಖಾನೆ. 1932ರಿಂದ ಆ ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ತಯಾರಾಗ್ತಿತ್ತು. ಅದನ್ನು ತಯಾರಿಸೋಕೆ ಪಾದರಸ ಬೇಕು. ಕೆಲಸ ಮುಗಿದ ಮೇಲೆ ಉಳಿಯುವ ಹೊಲಸು ನೀರು ಎಲ್ಲಿಗೆ ಹೋಗ್ಬೇಕು? ಎಲ್ಲ ಕಾರ್ಖಾನೆಗಳೂ ಮಾಡೋದನ್ನೇ ಇವರೂ ಮಾಡಿದರು. ಸಮುದ್ರಕ್ಕೆ ಬಿಟ್ಟರು.

ಆ ನೀರಿನಲ್ಲಿ ಮೀಥೈಲ್ ಮರ್ಕ್ಯುರಿ ಇತ್ತು. ಪಾದರಸದ ಅತ್ಯಂತ ಕೆಟ್ಟ ರೂಪಗಳಲ್ಲಿ ಒಂದು ಅದು. ನೀರಿನಿಂದ ಸಣ್ಣ ಜೀವಿಗಳಿಗೆ, ಅವುಗಳಿಂದ ಮೀನಿಗೆ, ಮೀನಿನಿಂದ ತಿಂದವರ ಮೆದುಳಿಗೆ.

ಮೊದಲು ಗೊತ್ತಾಗಿದ್ದು ಬೆಕ್ಕುಗಳಿಂದ. ಬೆಸ್ತರ ಕೇರಿ ಅಂದ್ಮೇಲೆ ಬೆಕ್ಕು ಇದ್ದೇ ಇರುತ್ತಲ್ಲ. 1950ರ ದಶಕದ ಶುರುವಿನಲ್ಲಿ ಆ ಬೆಕ್ಕುಗಳು ವಿಚಿತ್ರವಾಗಿ ಆಡೋಕೆ ಶುರು ಮಾಡಿದವು. ತೂರಾಡೋದು, ಗಿರಗಿರ ತಿರುಗೋದು, ಓಡಿ ಹೋಗಿ ಸಮುದ್ರಕ್ಕೆ ಬೀಳೋದು. ಜನ ಅದಕ್ಕೆ ಕುಣಿಯುವ ಬೆಕ್ಕಿನ ರೋಗ ಅಂತ ಹೆಸರಿಟ್ಟರು. ಆಮೇಲೆ ಮನುಷ್ಯರ ಸರದಿ. ಬೆರಳು ಜೋಮು ಹಿಡಿಯೋದು, ನಾಲಿಗೆ ತೊದಲೋದು, ಕಣ್ಣು ಮಂಜಾಗೋದು, ಮೈಯೆಲ್ಲ ಸೆಟೆದುಕೊಳ್ಳೋದು, ಸಾವು. 1956ರ ಮೇ 1ರಂದು ಚಿಸ್ಸೊ ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಹೊಸೊಕಾವ ಹಜಿಮೆ, ಹೆಸರಿಲ್ಲದ ಒಂದು ಕಾಯಿಲೆ ಬಂದಿದೆ ಅಂತ ಸರ್ಕಾರದ ಆರೋಗ್ಯ ಕಚೇರಿಗೆ ವರದಿ ಕೊಟ್ಟರು.

ಜನ ಏನು ಮಾಡಿದರು ಗೊತ್ತಾ? ಅಂಟುರೋಗ ಅಂದುಕೊಂಡು ರೋಗಿಗಳ ಮನೆಯವರನ್ನು ದೂರ ಇಟ್ಟರು. ಕಾಯಿಲೆ ಬಿದ್ದವರೇ ಅಪರಾಧಿಗಳಾದರು.

1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಇದು ಪಾದರಸದ ಕೆಲಸ ಅಂತ ಹೇಳಿದರು. ಅದೇ ವರ್ಷ ಡಾಕ್ಟರ್ ಹೊಸೊಕಾವ ಸದ್ದಿಲ್ಲದೆ ಒಂದು ಪ್ರಯೋಗ ಮಾಡಿದರು. ಕಾರ್ಖಾನೆಯ ತ್ಯಾಜ್ಯ ನೀರನ್ನೇ ಒಂದು ಬೆಕ್ಕಿನ ಆಹಾರಕ್ಕೆ ಬೆರೆಸಿ ಕೊಟ್ಟರು. ಅದು 400ನೇ ನಂಬರಿನ ಬೆಕ್ಕು. ಅದಕ್ಕೂ ಅದೇ ರೋಗ ಬಂತು. ಕಂಪನಿಗೆ ಹೇಳಿದರು. ಕಂಪನಿ ಆ ಪ್ರಯೋಗ ನಿಲ್ಲಿಸಿತು, ಫಲಿತಾಂಶ ಹೊರಗೆ ಬರದ ಹಾಗೆ ನೋಡಿಕೊಂಡಿತು.

ಅಲ್ಲಿಗೆ ಮುಗಿಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಎರಡು ಸಂಗತಿ ನಡೆದವು. ಇವನ್ನ ಸ್ವಲ್ಪ ಗಮನ ಇಟ್ಟು ಕೇಳಿ.

ಒಂದು, ಕಂಪನಿ ನೀರು ಶುದ್ಧೀಕರಣ ಘಟಕ ಕಟ್ಟಿಸಿತು. ಉದ್ಘಾಟನೆಯ ದಿನ ಕಂಪನಿಯ ಅಧ್ಯಕ್ಷರೇ ಎಲ್ಲರ ಮುಂದೆ ಒಂದು ಲೋಟ ನೀರು ಕುಡಿದು ತೋರಿಸಿದರು. ನೋಡಿ, ಎಷ್ಟು ಶುದ್ಧ! ಆದರೆ ವಿಷ ಬರ್ತಿದ್ದ ಅಸಿಟಾಲ್ಡಿಹೈಡ್ ವಿಭಾಗದ ನೀರು ಆಗ ಆ ಘಟಕದೊಳಗೆ ಹಾದು ಹೋಗ್ತಾನೇ ಇರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಫೋಟೋ ಆಪ್. ಕಣ್ಣಿಗೆ ಕಂಡದ್ದನ್ನು ಜನ ನಂಬ್ತಾರೆ ಅನ್ನೋದು ಚಳವಳಿಗಾರರಿಗಿಂತ ಮೊದಲು ಕಂಪನಿಗಳಿಗೆ ಗೊತ್ತಿರುತ್ತೆ ಸ್ವಾಮಿ.

ಎರಡು, ರೋಗಿಗಳ ಕುಟುಂಬಗಳ ಜೊತೆ ಒಂದು ಒಪ್ಪಂದ. ಪರಿಹಾರ ಅನ್ನಲಿಲ್ಲ, ಸಹಾನುಭೂತಿಯ ಹಣ ಅಂದರು. ಸತ್ತವರಿಗೆ 3 ಲಕ್ಷ ಯೆನ್. ಜೊತೆಗೆ ಒಂದು ಷರತ್ತು: ಮುಂದೆ ಕಾರ್ಖಾನೆಯೇ ಕಾರಣ ಅಂತ ಸಾಬೀತಾದರೂ ಇನ್ನೊಂದು ಕಾಸು ಕೇಳುವ ಹಾಗಿಲ್ಲ. ಸಹಿ ಹಾಕಿಸಿಕೊಂಡವರಿಗೆ ಬೆಕ್ಕಿನ ವಿಷಯ ಗೊತ್ತಿತ್ತು. ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ.

ಕಾರ್ಖಾನೆ ವಿಷ ಬಿಡೋದು ನಿಂತದ್ದು 1968ರ ಮೇ ತಿಂಗಳಲ್ಲಿ. ಯಾಕೆ ನಿಂತಿತು? ಆ ತಯಾರಿಕಾ ವಿಧಾನ ಹಳತಾಯ್ತು, ಅದಕ್ಕೆ. ನಿಂತ ನಾಲ್ಕು ತಿಂಗಳ ಮೇಲೆ ಜಪಾನ್ ಸರ್ಕಾರ, ಹೌದು, ರೋಗಕ್ಕೆ ಚಿಸ್ಸೊ ಕಾರ್ಖಾನೆಯೇ ಕಾರಣ ಅಂತ ಘೋಷಿಸಿತು. ಡಾಕ್ಟರು ವರದಿ ಕೊಟ್ಟು ಹನ್ನೆರಡು ವರ್ಷ ಆಗಿತ್ತು.

ಈಗ ಕ್ಯಾಮೆರಾದವರ ಕಥೆಗೆ ಬರ್ತೀನಿ.

ಮಿನಮಾಟ ಅಂದ ತಕ್ಷಣ ಎಲ್ಲರೂ ಹೇಳೋದು ಅಮೆರಿಕದ ಯೂಜೀನ್ ಸ್ಮಿತ್ ಹೆಸರು. ಜಾನಿ ಡೆಪ್ ಅವರ ಪಾತ್ರ ಮಾಡಿದ ಸಿನಿಮಾ 2020ರಲ್ಲಿ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಆದರೆ ಸ್ಮಿತ್ ಬರೋದಕ್ಕೆ ಹತ್ತು ವರ್ಷ ಮೊದಲೇ, 1960ರಲ್ಲಿ, ಕುವಬಾರ ಶಿಸೆಯ್ ಅನ್ನೋ ಜಪಾನಿನದೇ ಯುವಕ ಅಲ್ಲಿಗೆ ಹೋಗಿ ರೋಗಿಗಳ ಫೋಟೋ ತೆಗೆದಿದ್ದರು. ಟೋಕಿಯೊದಲ್ಲಿ ಪ್ರದರ್ಶನ ಮಾಡಿದ್ದರು. ಅದೇ ಊರಿನಲ್ಲಿ ಬೆಳೆದ ಇಶಿಮುರೆ ಮಿಚಿಕೊ ಅನ್ನೋ ಹೆಣ್ಣುಮಗಳು ರೋಗಿಗಳ ಮಾತನ್ನೇ ಆಧರಿಸಿ ಪುಸ್ತಕ ಬರೆದಿದ್ದರು. ರೋಗಿಗಳು ತಾವೇ ಸಂಘಟಿತರಾಗಿ 1969ರಲ್ಲಿ ಕೋರ್ಟಿಗೆ ಹೋಗಿದ್ದರು. ಹೋರಾಟ ಇತ್ತು, ಆಮೇಲೆ ಪ್ರಸಿದ್ಧ ಫೋಟೋಗ್ರಾಫರ್ ಬಂದರು. ಸಿನಿಮಾಗಳಲ್ಲಿ ಇದು ತಿರುಗುಮುರುಗಾಗಿ ಕಾಣುತ್ತೆ. ಒಬ್ಬ ಹೀರೋ ಬಂದ, ಕ್ಲಿಕ್ ಮಾಡಿದ, ನ್ಯಾಯ ಸಿಕ್ಕಿತು. ಹಾಗೆ ನಡೆಯಲ್ಲ. ಜಪಾನಿನಲ್ಲೂ ನಡೆಯಲ್ಲ, ನಮ್ಮಲ್ಲೂ ನಡೆಯಲ್ಲ.

ಹಾಗಂತ ಸ್ಮಿತ್ ಸಣ್ಣವರಲ್ಲ. ಎರಡನೇ ಮಹಾಯುದ್ಧದ ಫೋಟೋ ತೆಗೆಯೋಕೆ ಹೋಗಿ 1945ರಲ್ಲಿ ಓಕಿನಾವಾದಲ್ಲಿ ಶೆಲ್ ಸಿಡಿದು ಸಾಯೋ ಹಾಗಾಗಿದ್ದ ಮನುಷ್ಯ. ಲೈಫ್ ಪತ್ರಿಕೆಗೆ ಒಬ್ಬ ಹಳ್ಳಿ ಡಾಕ್ಟರ ಬದುಕನ್ನ, ಒಬ್ಬ ಕಪ್ಪು ಸೂಲಗಿತ್ತಿಯ ಬದುಕನ್ನ ಫೋಟೋಗಳಲ್ಲಿ ಹೇಳಿದವರು. 1971ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಪತ್ನಿ ಐಲೀನ್ ಜೊತೆ ಮಿನಮಾಟಕ್ಕೆ ಬಂದರು. ಐಲೀನ್ ತಾಯಿ ಜಪಾನಿನವರು, ಹಾಗಾಗಿ ಅವರಿಗೆ ಭಾಷೆ ಗೊತ್ತು. ಇಬ್ಬರೂ ಸೇರಿ ಫೋಟೋ ತೆಗೆದರು. ಮೂರು ತಿಂಗಳು ಇರೋಣ ಅಂತ ಬಂದವರು ಮೂರು ವರ್ಷ ಇದ್ದರು. ಹೋಟೆಲಿನಲ್ಲಲ್ಲ, ಅದೇ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು.

ಮೂರು ವರ್ಷ! ನಾವು ಮೂರು ಗಂಟೆ ಇರ್ತೀವಾ ಒಂದು ಊರಲ್ಲಿ? ಓಬಿ ವ್ಯಾನ್ ನಿಲ್ಲಿಸಿ, ಎರಡು ಬೈಟ್ ತಗೊಂಡು, ಒಂದು ಪೀಸ್ ಟು ಕ್ಯಾಮೆರಾ ಕೊಟ್ಟು, ಮಧ್ಯಾಹ್ನದ ಊಟಕ್ಕೆ ಮೊದಲು ಹೊರಟುಬಿಡ್ತೀವಿ. ಇದನ್ನು ಬೇರೆಯವರ ಬಗ್ಗೆ ಹೇಳ್ತಿಲ್ಲ, ನನ್ನ ಬಗ್ಗೆಯೇ ಹೇಳ್ತಿದ್ದೀನಿ.

ಮಿನಮಾಟದಲ್ಲಿ ಒಬ್ಬ ಹುಡುಗಿ ಇದ್ದಳು. ಹುಟ್ಟುವಾಗಲೇ ಆ ಕಾಯಿಲೆ ಹೊತ್ತು ಬಂದವಳು. ತಾಯಿ ತಿಂದ ಮೀನಿನ ವಿಷ ಹೊಟ್ಟೆಯಲ್ಲಿದ್ದ ಮಗುವಿಗೆ ಸೇರಿತ್ತು. ಕಣ್ಣು ಕಾಣಲ್ಲ, ಮಾತು ಬರಲ್ಲ, ಕೈಕಾಲು ಸೆಟೆದಿವೆ. ಆ ಮನೆಯವರು ಅವಳನ್ನ ಏನಂತ ಕರೀತಿದ್ರು ಗೊತ್ತಾ? ನಮ್ಮ ಮನೆಯ ನಿಧಿ ಅಂತ. ನನ್ನ ಮೈಯಲ್ಲಿದ್ದ ವಿಷವನ್ನೆಲ್ಲ ಈ ಮಗು ಹೀರಿಕೊಂಡಿತು, ಅದಕ್ಕೇ ನಾನು ಬದುಕಿದೆ, ಅವಳ ತಮ್ಮ ತಂಗಿಯರು ಚೆನ್ನಾಗಿ ಹುಟ್ಟಿದರು ಅಂತ ಆ ತಾಯಿಯ ನಂಬಿಕೆ.

1971ರ ಡಿಸೆಂಬರಿನಲ್ಲಿ ಆ ತಾಯಿ ಮಗಳಿಗೆ ಸ್ನಾನ ಮಾಡಿಸುವಾಗ ಸ್ಮಿತ್ ದಂಪತಿ ಒಂದು ಫೋಟೋ ತೆಗೆದರು. ಅದೇ ನಾನು ಹೇಳಿದ ಫೋಟೋ. ಕದ್ದು ತೆಗೆದದ್ದಲ್ಲ. ಕೇಳಿ, ತಾಯಿ ಒಪ್ಪಿದ ಮೇಲೆ ತೆಗೆದದ್ದು. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು, ಜಗತ್ತು ನೋಡಲಿ ಅನ್ನೋದು ಆ ಕುಟುಂಬದ ಆಸೆ. ಫೋಟೋದಲ್ಲಿ ಏನಿದೆ ಅಂತ ಇದಕ್ಕಿಂತ ಹೆಚ್ಚು ನಾನು ಹೇಳಲ್ಲ. ಆ ಹುಡುಗಿಯ ಹೆಸರನ್ನೂ ಹೇಳಲ್ಲ. ಕಾರಣ ಮುಂದೆ ಇದೆ.

1972ರ ಜೂನ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಆ ಫೋಟೋ ಬಂತು. ಮಿನಮಾಟ ಎಲ್ಲಿದೆ ಅಂತ ಗೊತ್ತಿಲ್ಲದ ಕೋಟ್ಯಂತರ ಜನಕ್ಕೆ ಆ ಊರಿನ ಹೆಸರು ಗೊತ್ತಾಯ್ತು.

ಅದಕ್ಕೂ ಮೊದಲು ಸ್ಮಿತ್ ಬೆಲೆ ತೆತ್ತಾಗಿತ್ತು. 1972ರ ಜನವರಿಯಲ್ಲಿ ರೋಗಿಗಳ ಒಂದು ತಂಡ ಟೋಕಿಯೊ ಹತ್ತಿರದ ಗೊಯ್ ಅನ್ನೋ ಊರಿನ ಚಿಸ್ಸೊ ಕಾರ್ಖಾನೆಗೆ ಮಾತುಕತೆಗೆ ಹೋಯ್ತು. ಸ್ಮಿತ್ ಕೂಡ ಕ್ಯಾಮೆರಾ ಹಿಡಿದು ಹೋಗಿದ್ದರು. ಕಂಪನಿಯ ಆಳುಗಳು ಮುಗಿಬಿದ್ದು ಹೊಡೆದರು. ಕಣ್ಣಿಗೆ, ಕತ್ತಿಗೆ ಬಿದ್ದ ಏಟಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1978ರಲ್ಲಿ ತೀರಿಕೊಂಡರು.

1973ರ ಮಾರ್ಚ್ 20. ಕುಮಾಮೊಟೊ ಕೋರ್ಟು ಚಿಸ್ಸೊ ತಪ್ಪಿತಸ್ಥ ಅಂತ ತೀರ್ಪು ಕೊಟ್ಟಿತು. ಸಹಾನುಭೂತಿಯ ಹಣದ ಆ ಒಪ್ಪಂದ ಇದೆಯಲ್ಲ, ಅದು ಅನೀತಿಯದು, ಚಲಾವಣೆಯಲ್ಲಿಲ್ಲ ಅಂತ ಪಕ್ಕಕ್ಕೆ ಎಸೆಯಿತು. 3 ಲಕ್ಷ ಯೆನ್ ಅಂದಿದ್ದ ಕಡೆ ಒಂದೂವರೆ ಕೋಟಿಗೂ ಹೆಚ್ಚು ಯೆನ್ ಪರಿಹಾರ ಕೊಡಿ ಅಂದಿತು.

ಈ ತೀರ್ಪು ಬಂದದ್ದು ಫೋಟೋದಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋರ್ಟಿನಲ್ಲಿ ಗೆದ್ದದ್ದು ಒಂದು ಬೆಕ್ಕು. ಡಾಕ್ಟರ್ ಹೊಸೊಕಾವ 1970ರಲ್ಲಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಕೋರ್ಟಿನವರು ಆಸ್ಪತ್ರೆಗೇ ಹೋಗಿ ಅವರ ಸಾಕ್ಷಿ ಪಡೆದರು. 400ನೇ ಬೆಕ್ಕಿನ ಕಥೆಯನ್ನ, ಕಂಪನಿ ಬಾಯಿ ಮುಚ್ಚಿಸಿದ್ದನ್ನ ಸಾಯೋ ಮೊದಲು ಹೇಳಿದರು. ಕೆಲವೇ ತಿಂಗಳಲ್ಲಿ ತೀರಿಕೊಂಡರು. ಮತ್ತೆ ಗೆದ್ದದ್ದು ಯಾರು? ಟೋಕಿಯೊದ ಚಿಸ್ಸೊ ಮುಖ್ಯ ಕಚೇರಿಯಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಕಾವಮೊಟೊ ತೆರುಒ ಮತ್ತು ಅವರ ಜೊತೆಗಾರರು. ಕಂಪನಿಯ ಎದುರು ಊರಿಗೆ ಊರೇ ತಿರುಗಿಬಿದ್ದಾಗಲೂ ಕೇಸು ವಾಪಸ್ ತೆಗೆದುಕೊಳ್ಳದ ಬೆಸ್ತರ ಮನೆಗಳು ಅಂತ ಹೇಳೋಣ ಅಂದ್ರೆ, ಊರು ತಿರುಗಿಬಿದ್ದದ್ದು ಕಂಪನಿಯ ಮೇಲಲ್ಲ, ಈ ಮನೆಗಳ ಮೇಲೆ. ಕಾರ್ಖಾನೆ ಮುಚ್ಚಿಹೋದರೆ ನಮ್ಮ ಹೊಟ್ಟೆಗೇನು ಅಂತ. ಅಂಥ ಊರಿನಲ್ಲಿ ನಿಂತು ಹೋರಾಡಿದರು ಅವರು.

ಹಾಗಾದ್ರೆ ಫೋಟೋ ಏನು ಮಾಡಿತು? ಹೋರಾಟಕ್ಕೆ ಸಾಕ್ಷಿ ನಿಂತಿತು. ನೀವು ಒಂಟಿ ಅಲ್ಲ, ಜಗತ್ತು ನೋಡ್ತಿದೆ ಅಂತ ಅವರಿಗೂ, ಕಂಪನಿಗೂ, ಸರ್ಕಾರಕ್ಕೂ ಹೇಳಿತು. ಅದು ಸಣ್ಣ ಕೆಲಸ ಅಲ್ಲ. 2013ರಲ್ಲಿ ಪಾದರಸವನ್ನು ನಿಯಂತ್ರಿಸೋಕೆ ಜಗತ್ತಿನ ದೇಶಗಳು ಒಂದು ಒಪ್ಪಂದಕ್ಕೆ ಬಂದವಲ್ಲ, ಅದರ ಹೆಸರೇ ಮಿನಮಾಟ ಒಪ್ಪಂದ. ಒಂದು ಊರಿನ ನೋವು ಜಗತ್ತಿನ ಕಾನೂನಿನ ಹೆಸರಾಯ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಆ ಫೋಟೋ ನಾನು ನಿಮಗೆ ತೋರಿಸ್ತಿದ್ದೆ.

ಆ ಹುಡುಗಿ 1977ರಲ್ಲಿ ತೀರಿಕೊಂಡಳು. 21 ವರ್ಷ. ಆದರೆ ಫೋಟೋ ನಿಲ್ಲಲಿಲ್ಲ. ಪುಸ್ತಕದಲ್ಲಿ, ಪೋಸ್ಟರಿನಲ್ಲಿ, ಪ್ರದರ್ಶನಗಳಲ್ಲಿ ವರ್ಷ ವರ್ಷ ಸುತ್ತುತ್ತಲೇ ಇತ್ತು. ಆ ಮನೆಯವರು ನೋಡ್ತಾನೇ ಇದ್ದರು. ಇಪ್ಪತ್ತು ವರ್ಷದ ಮೇಲೆ, ವಿದೇಶದ ಒಂದು ಟೀವಿಯವರು ಆ ಫೋಟೋ ಬಳಸೋಕೆ, ಸಂದರ್ಶನ ಮಾಡೋಕೆ ಕೇಳಿಕೊಂಡು ಬಂದಾಗ, ತಂದೆ ತಾಯಿಗೆ ಸಾಕಾಗಿತ್ತು. ಮಗಳು ಇನ್ನಾದರೂ ವಿಶ್ರಾಂತಿ ತಗೊಳ್ಳಲಿ ಅನ್ನೋದು ಅವರ ಮಾತಿನ ಅರ್ಥ.

ಆಗ ಐಲೀನ್ ಏನು ಮಾಡಿದರು ಕೇಳಿ. ಫೋಟೋದ ಹಕ್ಕು ಅವರ ಕೈಯಲ್ಲಿತ್ತು. ಆ ಫೋಟೋದಿಂದ ಹೆಸರಿದೆ, ಹಣವೂ ಬರಬಹುದು. ಇತಿಹಾಸಕ್ಕೆ ಸೇರಿದ್ದು, ನಾನು ಕೊಡಲ್ಲ ಅನ್ನಬಹುದಿತ್ತು. ಕಾನೂನು ಅವರ ಕಡೆಗೇ ಇತ್ತು. 1998ರಲ್ಲಿ ಅವರು ಆ ಮನೆಗೆ ಹೋಗಿ, ಈ ಫೋಟೋ ಏನಾಗಬೇಕು ಅನ್ನುವ ತೀರ್ಮಾನ ಇನ್ನು ನಿಮ್ಮದು ಅಂತ ಒಪ್ಪಿಸಿಬಿಟ್ಟರು. ಹೊಸದಾಗಿ ಎಲ್ಲೂ ಪ್ರಕಟಿಸೋಕೆ ಕೊಡಲ್ಲ ಅಂದರು.

ಫೋಟೋಗ್ರಫಿ ಜಗತ್ತಿನಲ್ಲಿ ಇದಕ್ಕೆ ದೊಡ್ಡ ಚರ್ಚೆಯೇ ನಡೆಯಿತು. ಅಂಥ ಫೋಟೋನ ಮುಚ್ಚಿಡಬಹುದಾ? ಮುಂದಿನ ಪೀಳಿಗೆಗೆ ಗೊತ್ತಾಗಬೇಡವಾ? ಆ ಪ್ರಶ್ನೆ ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಭೋಪಾಲವನ್ನೇ ತಗೊಳ್ಳಿ. 1984ರ ಡಿಸೆಂಬರಿನಲ್ಲಿ ಮಣ್ಣಿಗೆ ಸೇರ್ತಿರೋ ಒಂದು ಮಗುವಿನ ಮುಖ, ಕಣ್ಣು ತೆರೆದೇ ಇದೆ. ರಘು ರಾಯ್ ತೆಗೆದರು, ಪಾಬ್ಲೊ ಬಾರ್ಥೊಲೊಮಿಯೊ ಕೂಡ ತೆಗೆದರು. ಆ ಮಗು ಯಾರದು ಅಂತ ಗೊತ್ತಾಗಲೇ ಇಲ್ಲ. ಕೇಳೋಣ ಅಂದ್ರೆ ಯಾರನ್ನು ಕೇಳೋದು? ಆ ಒಂದು ಮುಖ ಇಲ್ಲದೇ ಹೋಗಿದ್ದರೆ ಭೋಪಾಲ ಎಂದೋ ಮರೆತುಹೋಗ್ತಿತ್ತೇನೋ. ಹಾಗಾಗಿ ಫೋಟೋ ಬೇಡ, ಕ್ಯಾಮೆರಾ ಬೇಡ ಅನ್ನೋ ಮಾತು ನನ್ನದಲ್ಲ. ಆದರೆ ಕೇಳೋಕೆ ಮನೆಯವರು ಇರುವಾಗ, ಅವರು ಸಾಕು ಅಂದಾಗ, ನಿಲ್ಲಿಸೋದು ಯಾವಾಗ? ಇದು ನನ್ನ ಪ್ರಶ್ನೆ. ಇದು ನನಗೆ ಜಪಾನಿನಿಂದ ಬಂದ ಪ್ರಶ್ನೆ ಅಲ್ಲ. ದಕ್ಷಿಣ ಕನ್ನಡದಿಂದ ಬಂದದ್ದು.

ಕಾಸರಗೋಡು ಜಿಲ್ಲೆಯಲ್ಲಿ ಪಡ್ರೆ ಅಂತ ಒಂದು ಹಳ್ಳಿ. ಕನ್ನಡ, ತುಳು, ಮಲಯಾಳ ಎಲ್ಲ ಮಾತಾಡೋ ಗಡಿಯ ಜಾಗ. ಅಲ್ಲಿನ ಗುಡ್ಡಗಳ ಮೇಲೆ ಸರ್ಕಾರಿ ನಿಗಮದ ಗೇರು ತೋಟ. ಆ ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರೀತಿದ್ರು. ಗುಡ್ಡದ ಮೇಲೆ ಸುರಿದದ್ದು ಕೆಳಗಿನ ಮನೆ, ಬಾವಿ, ಸುರಂಗದ ನೀರಿಗೆ ಬರದೆ ಇರುತ್ತಾ? ಅಲ್ಲಿ ಮೊದಲು ಗೊತ್ತಾಗಿದ್ದು ಕರುಗಳಿಂದ. ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಮಿನಮಾಟದಲ್ಲಿ ಬೆಕ್ಕು, ಇಲ್ಲಿ ಕರು. ಅದನ್ನು 1979ರ ಸುಮಾರಿಗೇ ಗಮನಿಸಿ ಬರೆದವರು ಕೃಷಿ ಪತ್ರಕರ್ತ ಶ್ರೀ ಪಡ್ರೆ. ಅಲ್ಲಿ ಡಾಕ್ಟರ್ ಹೊಸೊಕಾವ, ಇಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್. ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ ಗುರುತಿಸಿದ ಹಳ್ಳಿ ವೈದ್ಯರು. ಆಮೇಲೆ ಮಾತೃಭೂಮಿಯ ಫೋಟೋಗ್ರಾಫರ್ ಮಧುರಾಜ್ ತೆಗೆದ ಫೋಟೋಗಳು ಇಡೀ ಕೇರಳ ತಿರುಗಿ ನೋಡೋ ಹಾಗೆ ಮಾಡಿದವು.

ಗಡಿಯ ಈ ಕಡೆ, ನಮ್ಮ ದಕ್ಷಿಣ ಕನ್ನಡದಲ್ಲಿ, ಕೊಕ್ಕಡದ ಸುತ್ತಮುತ್ತ ಇದೇ ಕಥೆ. ಇಲ್ಲೂ ನಿಗಮದ ಗೇರು ತೋಟ, ಇಲ್ಲೂ ಹೆಲಿಕಾಪ್ಟರ್. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. ಆ ವರ್ಷ ಎಲ್ಲ ಚಾನೆಲ್‌ಗಳ ಓಬಿ ವ್ಯಾನ್‌ಗಳೂ ಆ ಕಡೆ ಹೊರಟವು. ನಾನೂ ಹೋದೆ. ಆಗ ನಾನು ಬೇರೆ ಚಾನೆಲ್‌ನಲ್ಲಿದ್ದೆ.

ಒಂದು ಮನೆ. ಹಂಚಿನ ಮಾಡು, ಜಗುಲಿ. ಜಗುಲಿಯಲ್ಲಿ ಚಾಪೆ ಮೇಲೆ ಒಬ್ಬ ಹುಡುಗ ಮಲಗಿದ್ದ. ಹನ್ನೆರಡು ವರ್ಷ ಅಂದರು, ನೋಡಿದರೆ ಆರೇ ವರ್ಷ ಅನ್ನಬೇಕು. ನಮ್ಮ ಕ್ಯಾಮೆರಾಮನ್ ಕೆಳಗೆ ಕೂತು ಕ್ಲೋಸಪ್ ತಗೊಂಡ. ನಾನು ಮೈಕ್ ಹಿಡಿದು ತಾಯಿಯನ್ನು ಕೇಳಿದೆ, "ಅಕ್ಕಾ, ನಿಮಗೆ ಏನನ್ನಿಸ್ತದೆ?" ಅಂತ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದಡ್ಡ ಪ್ರಶ್ನೆ ಇನ್ನೊಂದಿಲ್ಲ, ಆದರೂ ನಾವು ಕೇಳೋದು ಅದನ್ನೇ.

ಆಕೆ ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. "ನೀವು ಎಷ್ಟನೇ ಜನ ಗೊತ್ತುಂಟಾ?" ಅಂದರು. "ತೆಗೀಬೇಡಿ ಅಂತ ಹೇಳುದಿಲ್ಲ, ತೆಗೀರಿ. ಬಂದವರೆಲ್ಲ ತೆಗ್ದಿದ್ದಾರೆ. ಆದರೆ ಹೋದವರು ಒಬ್ಬರೂ ವಾಪಸ್ ಬಂದದ್ದಿಲ್ಲ."

ನಾನು ಬರ್ತೀನಿ ಅಕ್ಕಾ ಅಂದೆ. ಹೋಗಲಿಲ್ಲ.

ಆ ಬೈಟ್‌ನಲ್ಲಿ ಆ ಮಾತು ಎಡಿಟ್ ಆಗಿ ಹೋಯ್ತು. ಉಳಿದದ್ದು ಹುಡುಗನ ಕ್ಲೋಸಪ್, ಹಿಂದೆ ಒಂದು ಪಿಟೀಲಿನ ಮ್ಯೂಸಿಕ್.

ಆರು ವರ್ಷ ಕಳೆದವು. 2017ರ ಜನವರಿಯಲ್ಲಿ, ಕೇರಳದ ಎಂಡೋಸಲ್ಫಾನ್ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ ಹೇಳಿತು. ಸುದ್ದಿ ಓದ್ತಿದ್ದವನು ನಾನೇ. ಪಕ್ಕದ ಮಾನಿಟರಿನಲ್ಲಿ ಫೈಲ್ ವಿಷುಯಲ್ ಓಡ್ತಿತ್ತು. ಅದೇ ಹುಡುಗ, ಅದೇ ಚಾಪೆ, ಅದೇ ಕ್ಲೋಸಪ್. ಬುಲೆಟಿನ್ ಮುಗಿದ ಮೇಲೆ ಆ ಭಾಗದ ನಮ್ಮ ವರದಿಗಾರ ಫೋನ್ ಮಾಡಿದ. "ಸರ್, ಆ ಹುಡುಗ ತೀರಿಕೊಂಡು ಎರಡು ವರ್ಷ ಆಯ್ತು. ಎಂಡೋಸಲ್ಫಾನ್ ಅಂತ ಸುದ್ದಿ ಬಂದಾಗೆಲ್ಲ ಅವನೇ ಬರ್ತಾನೆ. ಮನೆಯವರು ಟೀವಿ ಬಂದ್ ಮಾಡಿ ಕೂರ್ತಾರಂತೆ" ಅಂದ.

ನಾನು ಏನು ಮಾಡಿದೆ? ಛೆ, ಅಂದೆ. ಲೈಬ್ರರಿಯವರಿಗೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಬ್ರೇಕಿಂಗ್ ಬಂತು. ಮರೆತೆ.

ಸ್ಮಿತ್ ದಂಪತಿಯ ವಿಷಯ ಓದುತ್ತಾ, ಐಲೀನ್ ಆ ಮನೆಗೆ ಹೋಗಿ ಹಕ್ಕು ಒಪ್ಪಿಸಿದ ಕಡೆಗೆ ಬಂದಾಗ ನನಗೆ ನೆನಪಾದದ್ದು ಜಪಾನ್ ಅಲ್ಲ, ಆ ಜಗುಲಿ. ಅವರು ಮೂರು ವರ್ಷ ಇದ್ದು, ಕೇಳಿ ತೆಗೆದ ಫೋಟೋನ ಮನೆಯವರು ಸಾಕು ಅಂದ ದಿನ ನಿಲ್ಲಿಸಿದರು. ನಾವು ಅರ್ಧ ಗಂಟೆ ಇದ್ದು, ಕೇಳದೆ ತೆಗೆದದ್ದನ್ನು ಸತ್ತ ಮೇಲೂ ಓಡಿಸ್ತಿದ್ದೀವಿ.

ನಿಮಗೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟಿಆರ್‌ಪಿಗೋಸ್ಕರ ಟೀವಿಯವರು ಹೀಗೆ ಮಾಡ್ತಾರೆ ಅಂತ ನೀವು ಬೈತೀರಿ. ಬೈಯಿರಿ, ತಪ್ಪಿಲ್ಲ. ಆದರೆ ಆ ಟಿಆರ್‌ಪಿ ಕೊಡೋರು ಯಾರು? ರಸ್ತೆಯಲ್ಲಿ ಆಕ್ಸಿಡೆಂಟ್ ಆದಾಗ ಆಂಬುಲೆನ್ಸಿಗೆ ಫೋನ್ ಮಾಡೋ ಮೊದಲು ವಿಡಿಯೋ ಮಾಡೋ ಕೈ ಯಾರದ್ದು? ಬಿದ್ದವನ ಮನೆಯವರಿಗೆ ಸುದ್ದಿ ಮುಟ್ಟೋ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ ಅವನ ಮುಖ ಬಂದಿರುತ್ತೆ. ಹಿಂದೆ ಕ್ಯಾಮೆರಾ ಕೆಲವರ ಕೈಯಲ್ಲಿತ್ತು, ಅವರನ್ನು ಕೇಳಿದರೆ ಸಾಕಾಗ್ತಿತ್ತು. ಈಗ ಎಲ್ಲರ ಜೇಬಿನಲ್ಲೂ ಇದೆ. ಹಾಗಾಗಿ ಈ ಪ್ರಶ್ನೆ ನಿಮ್ಮದೂ ಹೌದು.

ಅನ್ಯಾಯ ಕಂಡರೆ ಫೋಟೋ ತೆಗೀರಿ. ಲಂಚ ತಗೊಳ್ಳೋ ಕೈಯ ಫೋಟೋ ತೆಗೀರಿ, ಕೆರೆಗೆ ವಿಷ ಬಿಡೋ ಪೈಪಿನ ಫೋಟೋ ತೆಗೀರಿ, ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸೋ ಕಾಂಟ್ರಾಕ್ಟರನ ಫೋಟೋ ತೆಗೀರಿ. ಅವರನ್ನು ಕೇಳಬೇಕಾಗಿಲ್ಲ. ಕೇಳಬೇಕಾದ್ದು ನೋವು ತಿನ್ನೋರನ್ನ. ನಾವು ಮಾಡ್ತಿರೋದು ಉಲ್ಟಾ. ಪೈಪಿನ ಫೋಟೋಗೆ ಕಂಪನಿಯ ಪರ್ಮಿಷನ್ ಬೇಕು ಅಂತ ಗೇಟಿನ ಹೊರಗೆ ನಿಲ್ತೀವಿ, ಕಾಯಿಲೆ ಬಿದ್ದ ಹುಡುಗನ ಜಗುಲಿಗೆ ಚಪ್ಪಲಿ ಬಿಡದೆ ನುಗ್ತೀವಿ.

ಇನ್ನೊಂದು. ಫೋಟೋ ಬಂತು, ಕೆಲಸ ಆಯ್ತು ಅಂದುಕೊಳ್ಳಬೇಡಿ. ಮಿನಮಾಟದ ಫೋಟೋ ಬಂದು ಐವತ್ತು ವರ್ಷ ದಾಟಿದೆ. 2023ರಲ್ಲಿ ಒಸಾಕಾದ ಒಂದು ಕೋರ್ಟು, ಅಲ್ಲಿಯವರೆಗೆ ಪರಿಹಾರ ಸಿಗದ 128 ಜನರನ್ನ ಇವರೂ ಮಿನಮಾಟ ರೋಗಿಗಳೇ ಅಂತ ಒಪ್ಪಿತು. 1956ರಲ್ಲಿ ಗೊತ್ತಾದ ಕಾಯಿಲೆ. ಅಷ್ಟು ಪ್ರಸಿದ್ಧ ಫೋಟೋ ಇದ್ದೂ ಇಷ್ಟು ತಡ ಅಂದ್ರೆ, ಫೋಟೋನೇ ಇಲ್ಲದವರ ಗತಿ ಏನು ಯೋಚನೆ ಮಾಡಿ.

ಈಗ ಈ ರಸ್ತೆಯ ವಿಷಯ.

ಹೋದ ವಾರ ಆ ತಾಯಿಯ ಮನೆಗೆ ಫೋನ್ ಮಾಡಿದೆ. ನಂಬರು ನಮ್ಮ ವರದಿಗಾರ ಹುಡುಕಿ ಕೊಟ್ಟ. ಹೆಸರು ಹೇಳಿದೆ, ಇಂಥ ವರ್ಷ ಬಂದಿದ್ದೆ ಅಂದೆ. "ಗೊತ್ತಾಗಲಿಲ್ಲ" ಅಂದರು. "ತುಂಬ ಜನ ಬಂದಿದ್ದಾರಲ್ಲ." ಮಗನ ಫೋಟೋ, ವಿಡಿಯೋ ಇನ್ನು ನಾವು ಬಳಸೋದು ಬೇಡ ಅಂತ ಮಾಡಿದ್ದೀವಿ, ನಿಮ್ಮನ್ನು ಕೇಳದೆ ಇಷ್ಟು ದಿನ ತಪ್ಪು ಮಾಡಿದೆವು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು:

"ಅವನನ್ನು ತೋರಿಸುದು ಬೇಡ. ನಮ್ಮ ರಸ್ತೆ ತೋರಿಸಿ. ಮಳೆಗಾಲದಲ್ಲಿ ಆಂಬುಲೆನ್ಸ್ ಬರುದಿಲ್ಲ. ಅವನನ್ನು ಎಷ್ಟು ಸಲ ಹೊತ್ಕೊಂಡು ಹೋಗಿದ್ದೇವೆ. ಇಲ್ಲಿ ಇನ್ನೂ ಅಂಥ ಮಕ್ಕಳು ಉಂಟು."

ನೀವು ಇಷ್ಟೂ ಹೊತ್ತು ನೋಡಿದ್ದು ಆ ರಸ್ತೆ. ಮೊನ್ನೆ ನಮ್ಮ ಕ್ಯಾಮೆರಾಮನ್ ಹೋಗಿ ತೆಗೆದುಕೊಂಡು ಬಂದ. ಮುಖ್ಯ ರಸ್ತೆಯಿಂದ ಆ ಮನೆಯವರೆಗೆ ನಡೆದುಕೊಂಡೇ ಹೋಗಿದ್ದಾನೆ, ಜೀಪು ಅರ್ಧ ದಾರಿಯಲ್ಲೇ ನಿಂತಿತು. ಜೂನ್‌ಗೆ ಮಳೆ ಹಿಡಿಯುತ್ತೆ. ಈ ರಸ್ತೆ ಯಾರ ಲೆಕ್ಕದಲ್ಲಿ ಬರುತ್ತೆ ಅನ್ನೋದು ಆ ಪಂಚಾಯಿತಿಯವರಿಗೂ ಗೊತ್ತು, ಜಿಲ್ಲಾ ಪಂಚಾಯಿತಿಯವರಿಗೂ ಗೊತ್ತು. ಇಬ್ಬರಿಗೂ ಇವತ್ತು ಈ ವಿಡಿಯೋ ಕಳಿಸಿದ್ದೀವಿ.

ಮಳೆ ಶುರುವಾಗೋ ಮೊದಲು ನಾನು ಹೋಗ್ತೀನಿ. ಬರ್ತೀನಿ ಅಂತ ಹೇಳಿದ್ದು ಬಾಕಿ ಇದೆ. ಹೋಗಿ ಬಂದು, ರಸ್ತೆ ಹೇಗಿದೆ ಅಂತ ಇದೇ ಜಾಗದಲ್ಲಿ ಕೂತು ನಿಮಗೆ ಹೇಳ್ತೀನಿ. ಹೇಳದೇ ಹೋದರೆ ನೀವು ಕೇಳಿ.